ಕೊನೆಯ ಕಂಬದ ಪೆಟ್ಟಿಗೆ

ಮಗಳ ಎಡಗಡೆಯ ಜಡೆ ಮುಗಿದಿದೆ. ಬಲಗಡೆಯ ಕೂದಲನ್ನು ಮೂರು ಭಾಗ ಮಾಡಿ ಹಿಡಿಯುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ.

"ಫ್ಯೂಸಕ್ಕಾ, ಹಾಲಿನ ಅಂಗಡಿ ಮುಂದೆ ತಂತಿ ಕಡಿದು ಬಿದ್ದಿದೆ. ಕರೆಂಟ್ ಹೋಗಿಲ್ಲ! ಸಬ್‌ಸ್ಟೇಷನ್‌ನಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ." ಕೂಗುತ್ತಿರುವವನು ಲೈನ್‌ಮನ್.

"ಜನರನ್ನ ದೂರ ನಿಲ್ಸು. ನೀನೂ ಹತ್ರ ಹೋಗ್ಬೇಡ. ಧೀರ ಅಂತ ಯಾರೂ ನಿಂಗೆ ಹಾರ ಹಾಕಲ್ಲ, ಹಾಕಿದ್ರೆ ಫೋಟೋಗೇ."

ಸಬ್‌ಸ್ಟೇಷನ್ ಆಪರೇಟರನ ಸ್ವಂತ ನಂಬರು ಫ್ಯೂಸಕ್ಕನ ಬಳಿ ಇದೆ. ಮೂರನೆಯ ಸಲಕ್ಕೆ ಅವನು ಸಿಗುತ್ತಾನೆ. ಲೈನು ಆಫ್ ಆಗುವ ಹೊತ್ತಿಗೆ ಆರು ನಿಮಿಷ ಕಳೆದಿದೆ. ಹನ್ನೊಂದು ಸಾವಿರ ವೋಲ್ಟಿನ ತಂತಿ ಜನ ಓಡಾಡುವ ರಸ್ತೆಯಲ್ಲಿ ಆರು ನಿಮಿಷ ಬಾಯ್ತೆರೆದು ಮಲಗಿತ್ತು. ಇವರು ಒಲೆ ಆರಿಸಿ, ಒಂಟಿ ಜಡೆಯ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುತ್ತಾರೆ.

ಆ ಆರು ನಿಮಿಷವನ್ನು ಮೂರು ಸೆಕೆಂಡಿಗೆ ಇಳಿಸುವ ಉಪಾಯವನ್ನು ಏಳು ವರ್ಷಗಳ ಹಿಂದೆಯೇ ಕಂಡುಹಿಡಿದವರು ಈ ಎಂಜಿನಿಯರೇ. ಆದರೂ ಇಂದು ಆರು ನಿಮಿಷ ಏಕೆ ಬೇಕಾಯಿತು ಎಂದು ತಿಳಿದರೆ ಹೊಟ್ಟೆ ಉರಿಯುತ್ತದೆ.

ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಬೆಳೆದ ಹುಡುಗಿ ಇವರು. ಹನ್ನೆರಡನೆಯ ವಯಸ್ಸಿಗೆ, ಕೆಟ್ಟು ಕುಳಿತ ಹೊಲಿಗೆ ಯಂತ್ರದ ಮೋಟಾರನ್ನು ಬಿಚ್ಚಿ ಮತ್ತೆ ತಿರುಗಿಸಿದ್ದರು. "ಬಿಚ್ಚಿದ್ದು ಸರಿ, ಉಳಿದಿರೋ ಈ ಎರಡು ಸ್ಕ್ರೂ ಯಾವುದರದ್ದೇ?" ಎಂದು ಚಿಕ್ಕಮ್ಮ ಕೇಳಿದ್ದನ್ನು ನೆನೆದು ಈಗಲೂ ನಗುತ್ತಾರೆ. ಓದಿ ವಿದ್ಯುತ್ ಇಲಾಖೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಮೀಟರ್ ಪರೀಕ್ಷಿಸುವ ಕೋಣೆಯಲ್ಲೇ. ಒಂದು ಕಿಟಕಿ, ಎರಡು ಮೇಜು, ದಿನಕ್ಕೆ ಅರವತ್ತು ಮೀಟರು. ಹಾಳಾದದ್ದೆಲ್ಲ ಬಂದು ಬೀಳುವ ಜಾಗವಾದ್ದರಿಂದ ಲೈನ್‌ಮನ್‌ಗಳು ಇಟ್ಟ ಹೆಸರು ಫ್ಯೂಸಕ್ಕ.

ಕೆಲಸಕ್ಕೆ ಸೇರುವಾಗಿನ ತರಬೇತಿಯಲ್ಲಿ ಇವರಿಗೆ ಕಂಬ ಹತ್ತುವುದನ್ನು ಕಲಿಸಿದ ಹಿರಿಯ ಲೈನ್‌ಮನ್ ಒಬ್ಬರು ಕಡಿದು ಬಿದ್ದ ತಂತಿ ತಗುಲಿ ತೀರಿಕೊಂಡರು. "ಒಣ ನೆಲದ ಮೇಲೆ ತಂತಿ ಬಿದ್ರೆ ಹರಿಯೋ ಕರೆಂಟು ತೀರಾ ಕಮ್ಮಿ. ಸಬ್‌ಸ್ಟೇಷನ್ ಸ್ವಿಚ್ಚಿಗೆ ಅದು ಗೊತ್ತೇ ಆಗಲ್ಲ. ಆದ್ರೆ ಮನುಷ್ಯನ್ನ ಕೊಲ್ಲೋದಕ್ಕೆ ಅಷ್ಟೇ ಸಾಕು," ಎನ್ನುತ್ತಾರೆ ಫ್ಯೂಸಕ್ಕ. ಆ ಸಾವಿನ ನಂತರ ಅಡುಗೆಮನೆಯ ಕಟ್ಟೆಯ ಮೇಲೆ ಹುಟ್ಟಿದ್ದೇ ಆ ಮೂರು ಸೆಕೆಂಡಿನ ಪೆಟ್ಟಿಗೆ. ನೀರು ನುಗ್ಗದಂತೆ ಮುಚ್ಚಳಕ್ಕೆ ಹಳೆಯ ಕುಕ್ಕರಿನ ರಬ್ಬರು. ಒಳಗೆ ಬ್ಯಾಟರಿ ಮತ್ತು ಮೊಬೈಲಿನ ಸಿಮ್. ಲೈನಿನ ಕೊನೆಯ ಕಂಬದಲ್ಲಿ ಕೂತು ಅದು ನೋಡುವುದು ಒಂದನ್ನೇ: ಕರೆಂಟು ಇಲ್ಲಿಯವರೆಗೆ ಬರುತ್ತಿದೆಯೇ? ಬರದಿದ್ದರೆ ನಡುವೆ ಎಲ್ಲೋ ತಂತಿ ಹೋಗಿದೆ. ತಕ್ಷಣ ಸಬ್‌ಸ್ಟೇಷನ್ನಿಗೆ ಸಂದೇಶ, ಲೈನು ಬಂದ್. ಒಂಬತ್ತು ಸಲ ಪರೀಕ್ಷಿಸಿದರು. ಒಂಬತ್ತು ಸಲವೂ ಮೂರು ಸೆಕೆಂಡು.

ಇಲಾಖೆ ಮೆಚ್ಚಿ ನೂರಾನಲವತ್ತು ಪೆಟ್ಟಿಗೆ ಮಾಡಿಸಿತು. ಮೇಲೆ ಹಿತ್ತಾಳೆಯ ಫಲಕ: 'ಪರಿಕಲ್ಪನೆ: ಮುಖ್ಯ ಎಂಜಿನಿಯರರ ಕಚೇರಿ'. ಹೆಸರು ಹೋದರೆ ಹೋಗಲಿ ಎಂದು ಇವರು ಸುಮ್ಮನಾದರು. ಆದರೆ ಅಷ್ಟೂ ಪೆಟ್ಟಿಗೆಗಳನ್ನು ಕಟ್ಟಿದ್ದು ಆಯಾ ಲೈನಿನ ಮೊದಲ ಕಂಬಕ್ಕೆ! ಸಬ್‌ಸ್ಟೇಷನ್ನಿನ ಗೇಟಿನ ಎದುರಿಗೇ! ಮೊದಲ ಕಂಬಕ್ಕೆ ಕರೆಂಟು ಬಂದೇ ಬರುತ್ತದೆ. ಮುಂದೆ ತಂತಿ ಕಡಿದು ಬಿದ್ದರೂ ಪೆಟ್ಟಿಗೆಯ ಹಸಿರು ದೀಪ ಹಾಯಾಗಿ ಉರಿಯುತ್ತಿರುತ್ತದೆ. ಕೇಳಲು ಹೋದಾಗ ಆ ಕಚೇರಿಯ ಸಾಹೇಬರು ಹೇಳಿದ್ದಿಷ್ಟು: "ಕೊನೇ ಕಂಬ ಎಲ್ಲೋ ಗುಡ್ಡದ ಹಿಂದೆ ಇರುತ್ತಮ್ಮ. ಉದ್ಘಾಟನೆಗೆ ಮಂತ್ರಿಗಳನ್ನ ಅಲ್ಲಿಗೆ ನಡೆಸ್ಕೊಂಡು ಹೋಗೋಕಾಗುತ್ತಾ? ವಾರವಾರ ಹೋಗಿ ನೋಡಿ ಸಹಿ ಹಾಕೋರ್ಯಾರು?"

ಜೀವ ಉಳಿಸಬೇಕಾದ ವಸ್ತು ಎಲ್ಲಿರಬೇಕೆಂದು ತೀರ್ಮಾನಿಸಿದ್ದು ನಡೆಯಲು ಸೋಮಾರಿಯಾದ ಕಾಲು! ಇವರು ಬರೆದ ಪತ್ರಗಳು ಹದಿನಾರು. ಉತ್ತರ ಒಂದಕ್ಕೂ ಇಲ್ಲ.

ಹಾಲಿನ ಅಂಗಡಿಯ ಮುಂದೆ ಗುಂಪು ಸೇರಿದೆ. ಅಂಗಡಿಯವಳು ಖಾಲಿ ಕ್ರೇಟುಗಳನ್ನು ರಸ್ತೆಗೆ ಅಡ್ಡ ಇಟ್ಟು, ಬಂದವರನ್ನೆಲ್ಲ ಬೈದು ಹಿಂದಕ್ಕೆ ಅಟ್ಟಿದ್ದರಿಂದ ಯಾರಿಗೂ ಏನೂ ಆಗಿಲ್ಲ. "ಒಬ್ಬ ಸೈಕಲ್ಲಿನವನಿಗೆ ಕಪಾಳಕ್ಕೇ ಕೊಡ್ತಿದ್ದೆ ಅಕ್ಕಾ," ಎನ್ನುತ್ತಾಳೆ.

ಅಷ್ಟರಲ್ಲಿ ಇಲಾಖೆಯ ಜೀಪು ಬರುತ್ತದೆ. ಇಳಿದ ಅದೇ ಸಾಹೇಬರ ಕೈಯಲ್ಲಿ ಆಗಲೇ ಟೈಪಾದ ವರದಿ: 'ಪೆಟ್ಟಿಗೆಯ ವಿನ್ಯಾಸ ದೋಷದಿಂದ ಲೈನು ಬಂದ್ ಆಗಿಲ್ಲ.' ವಿನ್ಯಾಸಕರು ಎಂಬಲ್ಲಿ, ಏಳು ವರ್ಷಗಳಲ್ಲಿ ಮೊದಲ ಸಲ, ಇವರ ಹೆಸರು.

"ಒಂದು ಸಹಿ ಹಾಕಿಬಿಡಿ ಮೇಡಂ. ಫಾರ್ಮಾಲಿಟಿ ಅಷ್ಟೆ."

"ಸಹಿ ಹಾಕಿದ್ರೆ ಪೆಟ್ಟಿಗೆಗಳನ್ನೆಲ್ಲ ಏನ್ಮಾಡ್ತೀರಿ?"

"ಕಳಚಿ ಗುಜರಿಗೆ. ಕೆಲಸ ಮಾಡಲ್ವಲ್ಲ."

ಲೈನ್‌ಮನ್ ಕೈಗವಸು ಕಳಚಿ ನೆಲಕ್ಕೆ ಬಿಸಾಡುತ್ತಾನೆ. "ನಾಳೆ ನಾನು ಸತ್ರೆ ಅದೂ ವಿನ್ಯಾಸ ದೋಷಾನೇ ಅಂತ ಬರೀರಿ ಸಾರ್!"

ಮಗಳು ಅಮ್ಮನ ತೋಳು ಜಗ್ಗುತ್ತಾಳೆ. "ತಡಿ ಪುಟ್ಟಾ, ದೊಡ್ಡವರು ಮಾತಾಡ್ತಿದೀವಿ."

ಇವರು ಪೆನ್ನು ತೆಗೆದು, ತಮ್ಮ ಹೆಸರಿನ ಕೆಳಗೆ ಸಾವಕಾಶವಾಗಿ ಬರೆಯುತ್ತಾರೆ: 'ವಿನ್ಯಾಸ ನನ್ನದು, ಸರಿಯಾಗಿದೆ. ಕಟ್ಟಿದ ಜಾಗ ತಪ್ಪು. ಕೊನೆಯ ಕಂಬಕ್ಕೆ ಸಾಗಿಸಿ.' ಸಹಿ, ತಾರೀಖು. ಲೈನ್‌ಮನ್ ಹಾಳೆಯನ್ನು ಇಸಿದುಕೊಂಡು ಸಾಕ್ಷಿ ಎಂದು ತಾನೂ ಸಹಿ ಹಾಕುತ್ತಾನೆ. ಹಾಲಿನವಳೂ ಪೆನ್ನಿಗೆ ಕೈ ಚಾಚುತ್ತಾಳೆ.

ಸಾಹೇಬರ ಮುಖ ಕೆಂಪಾಗುತ್ತದೆ. "ಮೇಡಂ, ಕೊನೇ ಕಂಬ ಕೊನೇ ಕಂಬ ಅಂತ ಏಳು ವರ್ಷದಿಂದ ಒಂದೇ ರಾಗ. ಅಲ್ಲಿ ಹಾಕೋದು ಸಾಧ್ಯವೇ ಇಲ್ಲ ಅಂದ್ಮೇಲೆ ಇಲ್ಲ!"

ಈ ಸಲ ಮಗಳು ಅಮ್ಮನ ತೋಳು ಜಗ್ಗುವುದಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ಕತ್ತೆತ್ತಿ ಕೇಳುತ್ತಾಳೆ:

"ಅಂಕಲ್, ಕೊನೇ ಕಂಬ ನೀವು ನೋಡಿದ್ದೀರಾ?"