ಎತ್ತಬಾರದ ಕೈ

ಅರಸೀಕೆರೆಯ ಲೂಥರನ್ ಸೆಮಿನರಿಯಲ್ಲಿ ಪಾದ್ರಿಯಾಗಲು ಓದುತ್ತಿರುವ ಸತ್ಯಮಿತ್ರ, ನಿಯಮವೆಂದರೆ ನಿಯಮ ಎನ್ನುವ ಆಸಾಮಿ. ದೀಕ್ಷೆಯಾಗುವವರೆಗೆ ಎರಡೂ ಕೈಯೆತ್ತಿ ಯಾರನ್ನೂ ಆಶೀರ್ವದಿಸುವಂತಿಲ್ಲ ಎಂದು ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿದ್ದರಿಂದ, ತರಗತಿಯಲ್ಲಿ ಸಂಶಯ ಬಂದರೂ ಅವನು ಕೈಯೆತ್ತುವುದಿಲ್ಲ, ಕೆಮ್ಮುತ್ತಾನೆ. ಕೈಗಳನ್ನು ಹಿಂದೆ ಕಟ್ಟಿಕೊಂಡೇ ತೆಂಗಿನಮರಗಳಿಗೆ ಚರ್ಚಿನ ಪ್ರಸಂಗ ಒಪ್ಪಿಸುತ್ತಾನೆ. ಒಂದು ಮರವೂ ಈವರೆಗೆ ಆಕಳಿಸಿಲ್ಲವೆಂಬ ಹೆಮ್ಮೆ ಬೇರೆ. ಕೈ ತೋರಿಸದೆ ಬಾಣಾವರದ ಬಸ್ಸನ್ನು ಅದೆಷ್ಟು ಸಲ ತಪ್ಪಿಸಿಕೊಂಡಿದ್ದಾನೋ! ಮೊನ್ನೆ ಎದೆಯ ಆಪರೇಷನ್ನಿಗೆ ಹೊರಟ ಅವನ ತಾಯಿ, ಬಸ್ಸಿನ ಕಿಟಕಿಯಲ್ಲಿ ತಲೆಗೆ ಸೆರಗು ಹೊದ್ದು, ಮಗನತ್ತ ತಲೆಬಾಗಿ, ಕಣ್ಣು ಮುಚ್ಚಿ ಕಾದರು. ಸಂಜೆ ಪ್ರಿನ್ಸಿಪಾಲರು ಅವನನ್ನು ಕರೆಸಿದರು. "ಬಸ್‌ಸ್ಟ್ಯಾಂಡಲ್ಲಿ ಕೈ ಎತ್ತಿದ್ಯಂತಲ್ಲೋ?" "ಟಾಟಾ ಮಾಡ್ದೆ ಸಾರ್." "ಎರಡೂ ಕೈಲೇನೋ?" "ನಮ್ಮಮ್ಮ ದೂರ ಹೋಗ್ತಿದ್ರು ಸಾರ್."