ರಮ್ಯಳ ಪಟ್ಟಿ, ಅಕ್ಕನ ಸೀರೆ

ನಮ್ಮ ರಮ್ಯ ಇವತ್ತು ಮುದ್ದೆ ಉಂಡಳು! ಒಂದಲ್ಲ, ಒಂದೂವರೆ. ಕೇರಿಗೆಲ್ಲ ಸಕ್ಕರೆ ಹಂಚುವಷ್ಟು ಖುಷಿ ನನಗೆ.

ರಮ್ಯ ನನ್ನ ಮೊಮ್ಮಗಳು, ಭಾರತೀನಗರದ ಕಾಲೇಜಿಗೆ ಹೋಗುತ್ತಾಳೆ. ಹೆಣ್ಣು ಮೇಲೂ ಕೆಳಗೂ ತುಂಬಿಕೊಂಡು, ನಡು ಮಾತ್ರ ಡಮರುಗದ ಹಾಗಿರಬೇಕಂತೆ. ಫೋನಿನಲ್ಲಿ ಯಾವಳೋ ಹೇಳಿದಳಂತೆ, ಅವಳ ಬಾಯಿಗೆ ಮಣ್ಣು ಹಾಕ! ಎರಡು ತಿಂಗಳಿಂದ ಇವಳಿಗೆ ಸೌತೆಕಾಯಿ, ಮೊಟ್ಟೆಯ ಬಿಳಿ, ಅಷ್ಟೇ ಊಟ. ಹೊಟ್ಟೆಗೆ ರಬ್ಬರಿನ ಪಟ್ಟಿ ಬಿಗಿದುಕೊಂಡು ದಿನಾ ನೂರು ಬಸ್ಕಿ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೇ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿಗೆ ಹೆದರಿ!

ಇವತ್ತು ಬೆಳಿಗ್ಗೆ ಬಸ್ಕಿ ಹೊಡೆಯುತ್ತಲೇ ಜಗುಲಿಯ ಮೇಲೆ ಕಣ್ಣು ಕತ್ತಲಾಗಿ ಕುಸಿದಳು. ಪಟ್ಟಿ ಬಿಚ್ಚಿದರೆ ಮೈಮೇಲೆ ಕೆಂಪು ಬರೆ. ಎತ್ತಿಗೂ ಯಾರೂ ಹಾಗೆ ಹಗ್ಗ ಬಿಗಿಯುವುದಿಲ್ಲ. ನೀರು ಕುಡಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನಕ್ಕನ ಕಥೆ ಹೇಳಿದೆ.

ಆಗ ನನಗೆ ಒಂಬತ್ತು ವರ್ಷ. ಅವರೆಕಾಯಿ ಸೊಗಡು ಊರೆಲ್ಲ ತುಂಬಿದ್ದ ಕಾಲ. ಅಕ್ಕ ಕಡ್ಡಿಯಂತಿದ್ದಳು, ಆಗ ದಪ್ಪ ಹುಡುಗಿಯರಿಗೇ ಬೆಲೆ. ಮಳವಳ್ಳಿ ಕಡೆಯವರು ನೋಡಲು ಬರುತ್ತಾರೆಂದು ಅವ್ವ ಅವಳ ಸೊಂಟಕ್ಕೆ ಹಳೇ ಸೀರೆಯೊಂದನ್ನು ಸುತ್ತಿ, ಮೇಲೆ ಹೊಸ ಸೀರೆ ಉಡಿಸಿದಳು. ಬಂದವರ ಎದುರಿಗೇ ಹುಡುಗಿ ಮುದ್ದೆ ತಿರುವಬೇಕು, ಅದು ನಮ್ಮಲ್ಲಿ ರೂಢಿ. ಅಕ್ಕ ಕೋಲು ಹಿಡಿದು ಬಗ್ಗಿ ತಿರುವಿದ ರಭಸಕ್ಕೆ ಒಳಗಿನ ಸೀರೆ ಜಾರಿ ಕಾಲಿಗೆ ಬಿತ್ತು.

"ಅಯ್ಯೋ! ದೊಡ್ಡಜ್ಜಿ ಏನ್ ಮಾಡುದ್ರು?" ರಮ್ಯ ಎದ್ದು ಕೂತಳು.

"ಏನ್ ಮಾಡಾಳು? ತಿರುವೋದು ನಿಲ್ಸುದ್ರೆ ಗಂಟಾಯ್ತದಲ್ಲ. ಕಾಲಲ್ಲೇ ಅತ್ಲಾಗೆ ತಳ್ಬುಟ್ಟು ತಿರುವುದ್ಲು ಕಣಮ್ಮ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡಿನ ತಾಯಿ ಮುದ್ದೆ ಮುರಿದು ನುಂಗಿ, "ನಡ ಕಟ್ಕಂಡು ಏನಾಗ್ಬೇಕು? ಒಂದು ಗಂಟಿಲ್ಲ ನೋಡಿ. ಈ ಎಣ್ಣು ನಮ್ಮನೇಗೇಯ. ಬಾ ಮಗ, ನೀನೂ ಕೂತ್ಕೊ, ಉಣ್ಣು" ಅಂತ ಅಕ್ಕನನ್ನು ಕರೆದರು.

ರಮ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಟ್ಟಿ ಕಟ್ಟಿದಾಗಿನಿಂದ ಅವಳು ಹಾಗೆ ನಕ್ಕಿರಲಿಲ್ಲ.

ಅಂದು ಸುತ್ತಿ ದಪ್ಪ ಮಾಡುತ್ತಿದ್ದರು, ಇಂದು ಬಿಗಿದು ಸಣ್ಣ ಮಾಡುತ್ತಾರೆ. ಎರಡಕ್ಕೂ ಬೆಂಕಿ ಬೀಳ! ಆದರೆ ಅಂದು ಉಣ್ಣು ಬಾ ಅನ್ನುವ ಆ ತಾಯಿಯಂಥವರಿದ್ದರು. ಫೋನಿನಲ್ಲಿ ಹೆಣ್ಣುಮಕ್ಕಳ ಮೈ ಅಳೆಯುವವರು ಸಾವಿರ ಜನ. ಉಂಡೆಯಾ ಎಂದು ಕೇಳುವವಳು ಒಬ್ಬಳೂ ಇಲ್ಲ.

ಸಂಜೆ ರಮ್ಯ ತಾನೇ ಕೋಲು ಹಿಡಿದಳು. ಪಟ್ಟಿಯನ್ನು ಆಗಲೇ, ತೆರೆದುಕೊಳ್ಳದಿರಲಿ ಅಂತ, ಹಿತ್ತಲ ಗೇಟಿಗೆ ಕಟ್ಟಿದ್ದೆ. ಮಗ, ಸೊಸೆ, ನಾನು, ಅವಳು, ಎಲ್ಲರೂ ಸಾಲಾಗಿ ಕೂತೆವು. ಅವರೆಕಾಳಿನ ಸಾರು, ಮುದ್ದೆ ತುಂಬ ಗಂಟು.

"ಗಂಟು ಕಣವ್ವ" ಅಂದ ಮಗ.

"ಸುಮ್ನೆ ನುಂಗ್ಲಾ" ಅಂದೆ.

ರಮ್ಯ ನಗುತ್ತ ನನ್ನ ತಟ್ಟೆಯಿಂದ ಅರ್ಧ ಮುದ್ದೆ ಮುರಿದುಕೊಂಡಳು.