ಹುತಾತ್ಮರ ಸಾಲಿನಲ್ಲಿ ಅಂಬುಬಾಯಿ

ಹುಮನಾಬಾದಿನ ಹತ್ತಿರ ಹುಡಗಿ ಗ್ರಾಮ ದಾಟಿದರೆ ಸಿಗುವ ಸಣ್ಣ ಊರಿನಲ್ಲಿ, ಹುತಾತ್ಮರ ಮಡ್ಡಿ ಎಂಬ ಕಲ್ಲುದಿಬ್ಬದ ಮೇಲೆ ಮಚ್ಚೇಂದ್ರನ ಕೆಲಸ ಕಸ ಗುಡಿಸುವುದು, ಸೆಪ್ಟೆಂಬರಿನ ವಿಮೋಚನಾ ದಿನ ಬಂದರೆ ಸಮಾಧಿಯ ಕಲ್ಲುಗಳಿಗೆ ಸುಣ್ಣ ಬಳಿಯುವುದು. ನಿಜಾಮನ ಕಾಲದಲ್ಲಿ ರಜಾಕಾರರ ಗುಂಡೇಟಿಗೆ ಬಿದ್ದವರನ್ನು ಗಡಿಬಿಡಿಯಲ್ಲಿ ಹೂತ ಜಾಗವದು. ಎಷ್ಟು ಜನ, ಯಾರ ಕಲ್ಲು ಯಾವುದು, ಊರಿಗೇ ನೆಟ್ಟಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬಾವುಟ ಹಾರಿಸಿ ಭಾಷಣ ಕುಟ್ಟಿ ಹೋದವರು ಮತ್ತೆ ಇತ್ತ ತಲೆ ಹಾಕಿಯೂ ಮಲಗುವುದಿಲ್ಲ.

ಆ ಸಾಲಿನ ಕೊನೆಯ ಕಲ್ಲಿನ ಕೆಳಗಿರುವವಳು ಮಚ್ಚೇಂದ್ರನ ಹೆಂಡತಿ ಅಂಬುಬಾಯಿ. ಅವಳು ಜ್ವರದಿಂದ ತೀರಿಕೊಂಡ ಮಳೆಗಾಲದಲ್ಲಿ, ಊರ ಹೊರಗಿನ ಅವರ ಕೇರಿಯ ಮಸಣಕ್ಕೆ ತನ್ನ ಹೊಲದೊಳಗಿಂದ ಹೋಗುವ ಹಾದಿಗೆ ಜಮೀನ್ದಾರ ಹಣಮಂತ ಪಾಟೀಲ ಮುಳ್ಳುತಂತಿ ಬಿಗಿದು ಕಬ್ಬು ಹಚ್ಚಿದ್ದ. ಹೆಣ ಹೊತ್ತು ನಿಂತು ಕೈಮುಗಿದರೂ ಆ ಮಹಾರಾಯನ ಮನಸ್ಸು ಕರಗಲಿಲ್ಲ. ಕತ್ತಲಾಗುವ ಮೊದಲು ಮಣ್ಣು ಮಾಡಬೇಕಲ್ಲ, ಕೇರಿಯವರು ಅವಳನ್ನು ಇಲ್ಲಿಗೇ ತಂದರು. ಮುತ್ತೈದೆಯಾಗಿ ಹೋದವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಮಚ್ಚೇಂದ್ರ ಮೊಣಕೈವರೆಗೆ ಹಸಿರು ಬಳೆ ತೊಡಿಸಿದ್ದ. ಮೇಲೊಂದು ಕಲ್ಲು ನಿಲ್ಲಿಸಿ, ಉಳಿದವುಗಳ ಜೊತೆ ಅದಕ್ಕೂ ಸುಣ್ಣ ಬಳಿಯುತ್ತ ಬಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಷ್ಟು ವರ್ಷ ನಡೆದುಹೋಯಿತು.

ಈ ವರ್ಷ ಸುದ್ದಿ ಬಂತು. ಹುತಾತ್ಮರ ಅಸ್ಥಿಗಳನ್ನೆಲ್ಲ ಮೆರವಣಿಗೆಯಲ್ಲಿ ಹುಮನಾಬಾದಿನ ಹೊಸ ಸ್ಮಾರಕಕ್ಕೆ ಒಯ್ಯುತ್ತಾರಂತೆ. ಅಗೆಯಬೇಕಾದವನು ಮಚ್ಚೇಂದ್ರನೇ. ಅಂಬುವಿನ ಮೈ ಮಣ್ಣಾಗಿರುತ್ತದೆ, ಬಳೆಯ ಗಾಜು ಮಣ್ಣಾಗುವುದಿಲ್ಲ. ಬಾಯಿ ಬಿಟ್ಟರೆ ಊರು ಸುಮ್ಮನಿರುವುದಿಲ್ಲ, ಬಿಡದಿದ್ದರೆ ಅಂಬು ಹೆಸರಿಲ್ಲದೆ ಯಾರದೋ ಪಾಲಾಗುತ್ತಾಳೆ.

"ಅಪ್ಪಾ, ಏನೂ ಮಾತಾಡಬ್ಯಾಡ. ಗೊತ್ತಾದ್ರ ನಮ್ಮನ್ನ ಬಾಳಾಕ ಬಿಡಾಂಗಿಲ್ಲ," ಎಂದಳು ಮಗಳು ರತ್ನಮಾಲಾ. ಅವನು ತಲೆಯಾಡಿಸಿದ.

ಆ ದಿನ ಮಡ್ಡಿಯ ತುಂಬ ಜನ, ಬ್ಯಾಂಡು, ಬಾವುಟ. ಒಂದೊಂದೇ ಸಮಾಧಿ ತೆಗೆದು ಮಚ್ಚೇಂದ್ರ ಕೊನೆಯ ಗುಂಡಿಗೆ ಇಳಿದ. ಸಲಿಕೆ ಬಿಟ್ಟು ಕೈಯಿಂದಲೇ ಮಣ್ಣು ಸರಿಸಿದ. ಹಸಿರು ಚೂರುಗಳು ಬಿಸಿಲಿಗೆ ಮಿಂಚಿದವು. ಅವನ್ನು ಮತ್ತೆ ಮಣ್ಣಲ್ಲಿ ಮುಚ್ಚಲು ಹೋದ, ಅಷ್ಟರಲ್ಲಿ ಮೇಲೆ ಬಗ್ಗಿ ನಿಂತಿದ್ದ ಅಧಿಕಾರಿ ರಾಜೀವ ನೋಡಿಬಿಟ್ಟ.

"ಬಳಿ ಅದಾವಲ್ಲೋ! ಹೆಣ್ಣಮಗಳು! ನಮ್ಮ ಹೋರಾಟದಾಗ ಹೆಣ್ಣಮಕ್ಕಳೂ ಪ್ರಾಣಾ ಕೊಟ್ಟಾರ್ರೀ!"

ಜೈಕಾರ ಮುಗಿಲು ಮುಟ್ಟಿತು. ಎಲ್ಲರ ಮೊಬೈಲುಗಳು ಮೇಲೆದ್ದವು. ಸ್ಮಾರಕ ಸಮಿತಿಯ ಮುಂದಾಳಾದ ಹಣಮಂತ ಪಾಟೀಲ ಕಣ್ಣೊರೆಸಿಕೊಂಡು, ಹಾರ ಹಿಡಿದು ಗುಂಡಿಯ ಅಂಚಿಗೆ ಬಂದ. "ನಮ್ಮ ಊರ ಮಗಳವ್ವಾ ನೀ," ಎಂದ.

ಸುಮ್ಮನಿದ್ದಿದ್ದರೆ ಅಂಬುಬಾಯಿಗೆ ಅಮೃತಶಿಲೆಯ ಸಮಾಧಿ ಸಿಗುತ್ತಿತ್ತು. ಆದರೆ ಮುಳ್ಳುತಂತಿ ಬಿಗಿದ ಕೈಯಲ್ಲೇ ಹಾರ ಕಂಡ ಮಚ್ಚೇಂದ್ರ ಗುಂಡಿಯೊಳಗಿಂದಲೇ ಕೂಗಿದ.

"ಹಾಕಬ್ಯಾಡ್ರಿ! ಆಕಿ ಅಂಬುಬಾಯಿ ಅದಾಳ್ರಿ. ನನ್ನ ಹೇಣ್ತಿ."

ಬ್ಯಾಂಡು ನಿಂತಿತು. ಪಾಟೀಲ ಮುಟ್ಟಬಾರದ್ದನ್ನು ಮುಟ್ಟಿದವನಂತೆ ಕೈ ಹಿಂದೆ ತೆಗೆದುಕೊಂಡ.

"ಇಲ್ಲಿ ಹುಗಿಯಾಕ ನಿನಗ ಯಾರು ಹೇಳ್ಯಾರಲೇ? ತಗೀ ಆಕೀನ ಮೊದಲ!"

ಮಚ್ಚೇಂದ್ರ ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ನೆಲದ ಮೇಲೆ ಹಾಸಿದ. ಎಲುಬುಗಳನ್ನೂ ಬಳೆಚೂರುಗಳನ್ನೂ ಅದರಲ್ಲಿ ಕಟ್ಟಿ ಎದೆಗೆ ಹಿಡಿದುಕೊಂಡ.

"ತಗದೀನ್ರಿ ಪಾಟೀಲ್ರ. ಈಗರ ನಿಮ್ಮ ಹೊಲದಾಗ ಹಾದಿ ಬಿಡ್ರಿ."

ಗುಂಪು ಗುಂಡಿಯ ಸುತ್ತ ಒತ್ತಿಕೊಂಡು ಬಂತು. ಅದರಾಚೆ ಎಲ್ಲೋ ರತ್ನಮಾಲಾ ಕೂಗುತ್ತಿದ್ದಳು. ಮೇಲೆ ಹತ್ತಲು ಮಚ್ಚೇಂದ್ರ ಒಂದು ಕೈ ಚಾಚಿದ. ಯಾರೂ ಹಿಡಿಯಲಿಲ್ಲ.